ಲೋಟದಮ್ಮ ಇಲ್ಲವೇ ಇಲ್ಲ

ಫೆಬ್ರವರಿ 3

ಅಪ್ಪಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಇದನ್ನು ಓದು. ಓದಿ ಅಮ್ಮನಿಗೂ ಹೇಳು, ಇಬ್ಬರೂ ಒಟ್ಟಿಗೆ ಬೆಚ್ಚಿಬೀಳಿ. ಇಲ್ಲದ ಮನುಷ್ಯರನ್ನು ಹುಟ್ಟಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರಂತೆ!

ನಮ್ಮ ಕಂಪನಿ ಅಂಗಡಿಯಿಲ್ಲದೆ ಕಂಪ್ಯೂಟರಿನಲ್ಲೇ ಬೀಗ ಮಾರುತ್ತದೆ, ಅದರ ಬ್ಲಾಗ್ ಬರೆಯುವುದು ನನ್ನ ಕೆಲಸ ಎಂದು ಹೇಳಿದ್ದೆನಲ್ಲ. ನೀನು ಅಂಗಡಿಯಲ್ಲಿ ಗಿರಾಕಿಗಳ ಜೊತೆ ಹರಟುತ್ತ ಕೂರುವುದಿಲ್ಲವೇ, ಅದನ್ನೇ ಬರವಣಿಗೆಯಲ್ಲಿ ಮಾಡುವುದು. ಹರಟೆ ಹಿಡಿಸಿದರೆ ಬೀಗ ಕೊಳ್ಳುತ್ತಾರೆ. ಇಷ್ಟು ದಿನ ಬರೆದೆ, ಒಂದು ನೊಣವೂ ಬಂದು ಕೂರಲಿಲ್ಲ. ನಿನ್ನೆ ಮ್ಯಾನೇಜರ್ ಎಲ್ಲರ ಮುಂದೆ ಕೇಳಿದರು: "ಯಾರಿಗೆ ಬರೀತಾ ಇದ್ದೀರಿ ನೀವು?"

"ಎಲ್ಲರಿಗೂ ಸಾರ್" ಅಂದೆ.

"ಎಲ್ಲರಿಗೂ ಬರೆದ್ರೆ ಯಾರಿಗೂ ಬರೆದ ಹಾಗಲ್ಲ. ಒಬ್ಬ ಓದುಗನನ್ನ ಕಣ್ಮುಂದೆ ತಂದ್ಕೊಳ್ಳಿ. ಅವನಿಗೆ ವಯಸ್ಸೆಷ್ಟು, ಏನು ಕೆಲಸ, ಯಾವುದಕ್ಕೆ ಹೆದರ್ತಾನೆ, ಬಾಗಿಲು ಹಾಕಿದ ಮೇಲೆ ಏನು ಮಾಡ್ತಾನೆ? ರಸ್ತೇಲಿ ಎದುರು ಬಂದ್ರೆ ಗುರುತು ಹಿಡೀಬೇಕು, ಅಷ್ಟು ಸ್ಪಷ್ಟ ಇರಬೇಕು."

ಇದಕ್ಕೆ ಪರ್ಸೋನಾ ಅನ್ನುತ್ತಾರೆ. ಹೆಸರು ನಾವಿಟ್ಟದ್ದು, ಮೂಳೆ ಮಾಂಸ ಮಾತ್ರ ನಿಜವಾದ ಗಿರಾಕಿಯದ್ದು. 'ನಮ್ಮ ಓದುಗರು ನಿಜವಾದ ಮನುಷ್ಯರು' ಎಂದು ಬ್ಲಾಗಿನ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಬೇರೆ ಹಾಕಿದ್ದಾರೆ. ನಾನು ಒಬ್ಬ ಗಿರಾಕಿಯ ಮುಖವನ್ನೂ ನೋಡಿಲ್ಲ. ನೀನು ಬೀಗದ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ನಿನ್ನ ಅಂಗಡಿಗೆ ಯಾರು ಬರುತ್ತಾರೆ, ಏನನ್ನುತ್ತಾರೆ, ಬರೆದು ಕಳಿಸು. ಫೋನಿನಲ್ಲಿ ಕೇಳೋಣವೆಂದರೆ ಕೀಲಿ ಕೊರೆಯುವ ಯಂತ್ರ ನಿನ್ನ ಕಿವಿಯನ್ನು ತಿಂದುಹಾಕಿದೆ, ಅಮ್ಮ ಫೋನ್ ಮುಟ್ಟುವವಳೇ ಅಲ್ಲ. ಹಾಗಾಗಿ ಕಾಗದವೇ ಗತಿ.

ನಿನ್ನ ಮಗಳು


ಫೆಬ್ರವರಿ 12

ಮಗಳೇ,

ಅಮ್ಮ ನಿಜಕ್ಕೂ ಬೆಚ್ಚಿಬಿದ್ದಳು. "ಇರೋರನ್ನ ಸಾಕೋದೇ ಕಷ್ಟ, ಇಲ್ಲದೋರನ್ನ ಯಾಕೆ ಹುಟ್ಟಿಸ್ತಾರೆ?" ಅಂದಳು. ನನಗೂ ಮೊದಲು ನಗು ಬಂತು. ಆಮೇಲೆ, ನನ್ನ ಮಗಳಿಗೆ ನನ್ನಿಂದ ಒಂದು ಉಪಕಾರ ಬೇಕಾಯಿತಲ್ಲ ಎಂದು ಎದೆ ಉಬ್ಬಿತು. ಪಟ್ಟಾಗಿ ಕೂತು ಬರೆಯುತ್ತಿದ್ದೇನೆ.

ಮೊದಲನೆಯವರು ಮರೆಗುಳಿ ಮೇಷ್ಟ್ರು. ಕೀಲಿ ಒಳಗಿಟ್ಟು ಬಾಗಿಲು ಎಳೆದುಕೊಂಡು ಬರುತ್ತಾರೆ, ಆಮೇಲೆ ನನ್ನನ್ನು ಕರೆಯುತ್ತಾರೆ. ನಾನು ಬೀಗ ಬಿಚ್ಚುವಾಗ ಪಕ್ಕದಲ್ಲಿ ನಿಂತು, ಇದು ತಮ್ಮ ಹೆಂಡತಿಯ ತಪ್ಪು ಎಂದು ವಿವರಿಸುತ್ತಾರೆ. ಎರಡನೆಯದು ಹೊಸದಾಗಿ ಮದುವೆಯಾದ ಜೋಡಿ. ಗಟ್ಟಿ ಬೀಗ ಬೇಕೆಂದು ಅವಳು, ಚಂದದ ಬೀಗ ಬೇಕೆಂದು ಅವನು. ಕೊನೆಗೆ ಯಾವುದನ್ನೂ ಕೊಳ್ಳದೆ ಜಗಳ ಮುಂದುವರಿಸುತ್ತ ಹೋಗುತ್ತಾರೆ.

ಮೂರನೆಯವಳ ವಿಷಯ ಬರೆಯಲೋ ಬೇಡವೋ ಎಂದು ಸ್ವಲ್ಪ ಹೊತ್ತು ಪೆನ್ನು ಕಚ್ಚಿದೆ. ನನಗೆ ಕೆಲಸ ಕಲಿಸಿದ ಯಜಮಾನರು ಹೇಳುತ್ತಿದ್ದರು, ಬೀಗ ಹಾಕಿಕೊಟ್ಟು ಮೆಟ್ಟಿಲು ಇಳಿಯುವಷ್ಟರಲ್ಲಿ ಆ ಬಾಗಿಲನ್ನು ಮರೆತುಬಿಡಬೇಕು ಎಂದು. ಆದರೆ ಮಗಳಿಗೆ ಹೇಳಿದರೆ ಅದು ಹೊರಗೆ ಹೇಳಿದ ಹಾಗೇನು?

ಒಂಟಿ ಹೆಂಗಸು. ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಅದೇ ಲಾಂಡ್ರಿಯ ಹಿಂದಿನ ಮೆಟ್ಟಿಲು ಹತ್ತಿದರೆ ಅವಳ ಕೋಣೆ, ನೀಲಿ ಬಾಗಿಲು. ಇದ್ದ ಬೀಗ ಚೆನ್ನಾಗಿಯೇ ಇತ್ತು, ಆದರೂ ಬೇರೆ ಹಾಕಿಸಿದಳು. ಮೇಲೊಂದು ಕೆಳಗೊಂದು ಅಗುಳಿ, ಬಾಗಿಲು ಒಂದು ಅಂಗೈಯಷ್ಟೇ ತೆರೆಯುವಂತೆ ಸರಪಣಿ. ಹೊರಗೆ ಗಂಡಸರ ದೊಡ್ಡ ಬೂಟು ಇಟ್ಟಿದ್ದಾಳೆ. ಒಳಗೆ ಗಂಡಸೇ ಇಲ್ಲ! ಬೂಟಿಗೆ ಪಾಲಿಶ್ ಮಾಡಿ ಆಗಾಗ ದಿಕ್ಕು ಬದಲಿಸುತ್ತಾಳಂತೆ, ಯಾರೋ ಹೋಗಿ ಬಂದು ಮಾಡುತ್ತಿರುವಂತೆ ಕಾಣಲಿ ಎಂದು. ನಾನು ಸಾಮಾನು ಎತ್ತಿಡುವಾಗ ಸ್ಟೀಲ್ ಲೋಟವೊಂದನ್ನು ಬೋರಲು ಹಾಕಿ ಅಗುಳಿಯ ಮೇಲೆ ನಿಲ್ಲಿಸಿದಳು. ಅಗುಳಿ ಅಲುಗಿದರೆ ಲೋಟ ಬಿದ್ದು ಎಚ್ಚರವಾಗುತ್ತದಂತೆ. "ಇದೇ ನನ್ನ ನಾಯಿ" ಅಂದಳು. ಯಾರಿಗೆ ಹೆದರುತ್ತಾಳೋ, ನಾನು ಕೇಳಲಿಲ್ಲ.

ನಿನ್ನ ಅಪ್ಪ


ಮಾರ್ಚ್ 9

ಅಪ್ಪಾ ಅಪ್ಪಾ,

ನನಗಿನ್ನೂ ನಂಬಿಕೆ ಬರುತ್ತಿಲ್ಲ. ನಿನ್ನ ಮೂರನೆಯವಳಿಗೆ 'ಲೋಟದಮ್ಮ' ಎಂದು ಹೆಸರಿಟ್ಟೆ. ಅವಳ ಬಗ್ಗೆ ನೀನು ಹೇಳಿದ್ದೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಮೀಟಿಂಗ್ ಕೋಣೆಯ ಗೋಡೆಗೆ ಹಚ್ಚಿದೆ. ಮ್ಯಾನೇಜರ್ ಅದರ ಮುಂದೆ ಸುಮ್ಮನೆ ನಿಂತುಬಿಟ್ಟರು. ಆ ಮನುಷ್ಯ ಸುಮ್ಮನಾಗಿದ್ದನ್ನು ನಾನು ನೋಡಿಯೇ ಇರಲಿಲ್ಲ. ಈಗ ಯಾವುದೇ ಮಾತು ಬರಲಿ, "ಇದಕ್ಕೆ ಲೋಟದಮ್ಮ ಏನಂತಾಳೆ?" ಎಂದು ಕೇಳುತ್ತಾರೆ. ಮೀಟಿಂಗಿನಲ್ಲಿ ಅವಳಿಗೊಂದು ಕುರ್ಚಿ ಬಿಡುತ್ತಾರೆ ಅಪ್ಪಾ, ನನಗೇ ಎಷ್ಟೋ ಸಲ ಕುರ್ಚಿ ಸಿಗುವುದಿಲ್ಲ!

ಬ್ಲಾಗಿನಲ್ಲಿ 'ಲೋಟದಮ್ಮನಿಗೆ' ಎಂದು ಬರೆದೆ. ಅವಳನ್ನೇ ಎದುರಿಗೆ ಕೂರಿಸಿಕೊಂಡು ಮಾತಾಡಿದ ಹಾಗೆ. ಬೂಟು, ನೀಲಿ ಬಾಗಿಲು, ಬೋರಲು ಲೋಟ, ಎಲ್ಲ ಬಂತು. ಲಾಂಡ್ರಿಯನ್ನು ಮಾತ್ರ ಬಿಟ್ಟೆ, ಅದು ಹಾಳೆಯಲ್ಲಷ್ಟೇ ಇದೆ. ಮಾರನೇ ದಿನ ನೋಡಿದರೆ ಓದುಗರ ಪ್ರವಾಹ. ಅದರಲ್ಲಿ ನಾನು ಬೆರಗಾದದ್ದು ಬೇರೆಯದೇ ವಿಷಯಕ್ಕೆ. ಹೆಂಗಸರು ಕೆಳಗೆ ಬರೆಯುತ್ತಿದ್ದಾರೆ: ನಾನೂ ಲೋಟ ಇಡುತ್ತೇನೆ. ನಾನು ಚಿಲಕಕ್ಕೆ ಬಳೆ ಸಿಕ್ಕಿಸುತ್ತೇನೆ. ನಾನು ಬಾಗಿಲಿಗೆ ಪಾತ್ರೆ ಒರಗಿಸುತ್ತೇನೆ. ಇನ್ನೂ ಬರುತ್ತಲೇ ಇವೆ. ನಾವು ಒಬ್ಬಳನ್ನು ಕಲ್ಪಿಸಿಕೊಂಡರೆ ಒಂದು ಊರೇ ಎದ್ದು ಬಂತು. ಇಷ್ಟೊಂದು ಜನ ಯಾರಿಗೆ ಹೆದರಿ ಹೀಗೆ ಮಾಡುತ್ತಾರೆ?

ಬೀಗಗಳೂ ಖರ್ಚಾಗುತ್ತಿವೆ. ನನ್ನನ್ನು ಕೆಲಸದಲ್ಲಿ ಕಾಯಂ ಮಾಡುತ್ತಾರಂತೆ. ಲೇಖನದ ಅಚ್ಚು ಕಳಿಸುತ್ತಿದ್ದೇನೆ, ಜೊತೆಗೆ ಮೇಷ್ಟ್ರ ಮೇಲೆ ಬರೆದದ್ದೂ ಇದೆ. ಎಲ್ಲ ನಿನ್ನ ಪುಣ್ಯ.

ಕುರ್ಚಿಯಿಲ್ಲದ ನಿನ್ನ ಮಗಳು


ಮಾರ್ಚ್ 20

ಮಗಳೇ,

ನಿನ್ನ ಲೇಖನ ಓದಿ ಕಣ್ಣು ಮಂಜಾಯಿತು. ನಾನು ಒರಟೊರಟಾಗಿ ಹೇಳಿದ್ದನ್ನು ನೀನು ಎಷ್ಟು ನಯವಾಗಿ ಅರ ಹಾಕಿದ್ದೀಯ! ಪಕ್ಕದ ಜೆರಾಕ್ಸ್ ಅಂಗಡಿಯವಳಿಗೆ ಹೇಳಿ ಅಕ್ಷರ ದೊಡ್ಡದು ಮಾಡಿಸಿ ತೆಗೆಸಿದೆ. ಹಳೆಯವೂ ಸೇರಿ ನಿನ್ನ ಲೇಖನಗಳನ್ನೆಲ್ಲ ಕೀಲಿ ತೂಗುಹಾಕುವ ಗೋಡೆಗೆ ಅಂಟಿಸಿದ್ದೇನೆ. ಕೀಲಿ ಕೊರೆಯುವವರೆಗೆ ಗಿರಾಕಿಗಳು ನಿಂತು ಓದುತ್ತಾರೆ. ಓದದೆ ನಿಂತವರಿಗೆ ನಾನೇ ಬೆರಳು ಮಾಡಿ ತೋರಿಸುತ್ತೇನೆ. ಮರೆಗುಳಿ ಮೇಷ್ಟ್ರು ತಮ್ಮ ಬಗ್ಗೆ ತಾವೇ ಓದಿ, "ಪಾಪ, ಎಂಥ ಮರೆವು ಈ ಮನುಷ್ಯನಿಗೆ" ಎಂದು ಮರುಗಿದರು. ಕೀಲಿಯನ್ನು ಇಲ್ಲೇ ಬಿಟ್ಟು ಹೋದರು.

ಅಮ್ಮ ಒಬ್ಬಳಿಗೇ ಇದು ಸರಿಬಂದಿಲ್ಲ. "ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ. ಆದ್ರೆ ಆ ಲೋಟದೋಳು ಒಂದಿನ ಅಂಗಡಿಗೆ ಬಂದು ಓದಿದ್ರೆ?" ಎಂದು ಕೇಳಿದಳು. ಅವಳಿಗೆ ಎಲ್ಲಿ ಪುರುಸೊತ್ತು, ಬಂದರೂ ಹೆಮ್ಮೆಪಡುತ್ತಾಳೆ ಎಂದೆ. ಅಮ್ಮ ಎದ್ದು ಒಳಗೆ ಹೋದಳು. ಅವಳು ಹಾಗೆ ಎದ್ದು ಹೋದರೆ ನಾನು ಅರ್ಧ ಸೋತ ಹಾಗೆ, ಆದರೂ ಹಾಳೆ ಕೀಳಲಿಲ್ಲ.

ಕೆಲಸ ಕಾಯಂ ಆದ ದಿನ ತಿಳಿಸು. ಬೀದಿಗೆಲ್ಲ ಚಹಾ ನನ್ನದು.

ನಿನ್ನ ಅಪ್ಪ


ಏಪ್ರಿಲ್ 10

ಮಗಳೇ,

ಅವಸರದಲ್ಲಿ ಗೀಚುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದಿಕೋ. ಜೆರಾಕ್ಸ್ ಅಂಗಡಿಯವಳ ಕೈಯಲ್ಲಿ 'ಲೋಟದ ಲೇಖನ ಕೂಡಲೇ ತೆಗೆ' ಎಂದು ಮೆಸೇಜು ಹಾಕಿಸಿದೆ. ಅವಳ ಮುಂದೆ ಅದಕ್ಕಿಂತ ಹೆಚ್ಚು ಹೇಳುವಂತಿರಲಿಲ್ಲ. ಪೂರ್ತಿ ವಿಷಯ ಇದು.

ಬೆಳಿಗ್ಗೆ ಒಬ್ಬ ಬಂದ. ಗೆರೆ ಮುರಿಯದ ಅಂಗಿ, ಮೆತ್ತನೆಯ ಮಾತು. ನನಗೆ ಕಿವಿ ಮಂದ ಎಂದು ಗೊತ್ತಾದ ಕೂಡಲೇ ಬಗ್ಗಿ ಹತ್ತಿರ ಬಂದು ಮಾತಾಡಿದ. ಇಂಥ ಸಜ್ಜನರು ಈಗ ಎಲ್ಲಿದ್ದಾರೆ ಅಂದುಕೊಂಡೆ. ಕೀಲಿ ಕೊರೆಯಲು ಕೊಟ್ಟು ಗೋಡೆ ಓದುತ್ತ ನಿಂತ. ಮೇಷ್ಟ್ರ ಲೇಖನಕ್ಕೆ ನಕ್ಕ. ಲೋಟದಮ್ಮನ ಹತ್ತಿರ ಬಂದಾಗ ನಗು ನಿಂತಿತು. ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದ.

"ನನ್ನ ಮಗಳು ಬರೆದಿದ್ದು" ಅಂದೆ, ನಾನು ದೊಡ್ಡ ಮನುಷ್ಯ.

"ಚೆನ್ನಾಗಿದೆ. ಕಟ್ಟಿದ್ದಾ, ನಿಜಾನಾ?"

"ಎಲ್ಲ ನಿಜ ಸ್ವಾಮಿ. ನನ್ನ ಗಿರಾಕಿಗಳೇ. ನಾನೇ ಅವಳಿಗೆ ಹೇಳಿದ್ದು."

ಅವನು ತಲೆಯಾಡಿಸಿದ. "ಲೋಟ ಬೋರಲು ಇಡ್ತಾಳೆ, ಅಲ್ವಾ? ಅದು ಅವಳಮ್ಮ ಕಲಿಸಿದ್ದು. ನಮ್ಮನೇಲೂ ಇಡ್ತಿದ್ಲು, ನಾನು ಬರೋದು ಗೊತ್ತಾಗ್ಲಿ ಅಂತ. ಬೂಟು ನಂದೇ. ಹೋಗ್ವಾಗ ತಗೊಂಡು ಹೋಗಿದ್ಲು." ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಅಷ್ಟೇ ಮೆತ್ತಗೆ ಕೇಳಿದ: "ಮನೆ ಎಲ್ಲಿ?"

ಯಂತ್ರ ನಿಲ್ಲಿಸಿದೆ. "ಗೊತ್ತಿಲ್ಲ, ಅದೆಲ್ಲ ಮಗಳು ಕಟ್ಟಿದ ಕಥೆ" ಅಂದೆ.

"ಈಗ ತಾನೇ ನಿಜ ಅಂದ್ರಿ."

"ಅಂಗಡಿ ಇಟ್ಟೋನು ನಾಲ್ಕು ಮಾತು ಹೆಚ್ಚೇ ಆಡ್ತಾನೆ."

ಅವನು ಸಿಟ್ಟಾಗಲಿಲ್ಲ. ಹಾಳೆಯ ಕೆಳಗಿದ್ದ ನಿಮ್ಮ ಕಂಪನಿಯ ವಿಳಾಸ ಬರೆದುಕೊಂಡ. "ಅವರನ್ನೇ ಕೇಳ್ತೀನಿ, ಮತ್ತೆ ಬರ್ತೀನಿ" ಅಂದು ಹೋದ. ನಾನು ಇಷ್ಟು ವರ್ಷ ಯಾರ ಬಾಗಿಲಿನ ವಿಷಯಕ್ಕೂ ಬಾಯಿ ಬಿಟ್ಟವನಲ್ಲ. ಗೋಡೆಗೆ ಕಿವಿ ಇರುತ್ತದೆ ಅನ್ನುತ್ತಾರೆ, ನಾನು ನನ್ನ ಗೋಡೆಗೆ ಬಾಯಿ ಮಾಡಿಕೊಟ್ಟೆ. ಲೇಖನ ತೆಗೆ. ಆ ಲಾಂಡ್ರಿ ಇರುವ ಹಾಳೆಯನ್ನು ಮೊದಲು ಸುಡು.

ಅಪ್ಪ


ಏಪ್ರಿಲ್ 11

ಅಪ್ಪಾ,

ಇದೇನು ಜೆರಾಕ್ಸ್ ಅಂಗಡಿಯವಳಿಂದ ಮೆಸೇಜು? 'ಲೋಟದ ಲೇಖನ ಕೂಡಲೇ ತೆಗೆ' ಅಂದರೆ? ಅಮ್ಮನ ಕೈವಾಡವೇ? ಜೆರಾಕ್ಸಿನವಳನ್ನೇ ಮತ್ತೆ ಕೇಳಿದರೆ, "ನಿಮ್ಮಪ್ಪ ಕಾಗದ ಹಾಕಿದ್ದಾರೆ, ನಂಗೇನೂ ಹೇಳಲ್ಲ" ಅನ್ನುತ್ತಾಳೆ. ತೆಗೆಯುವುದು ನನ್ನ ಕೈಯಲ್ಲಿಲ್ಲ. ಅದರ ಮೇಲೆ ಕಂಪನಿ ಒಂದು ಸಣ್ಣ ಸಿನಿಮಾನೇ ಮಾಡಲು ಹೊರಟಿದೆ.

ಇವತ್ತು ಒಂದು ಒಳ್ಳೆಯ ಪತ್ರ ಬಂದಿದೆ, ನಿನಗೆ ಹೇಳಲೇಬೇಕು. ಯಾರೋ ಓದುಗರು, ಗಂಡಸರು. ಲೋಟದಮ್ಮನ ಬಗ್ಗೆ ಓದಿ ಮನಸ್ಸು ಕರಗಿತಂತೆ. ಅಂಥ ಹೆಣ್ಣುಮಗಳು ಒಂಟಿಯಾಗಿರಬಾರದು, ತಾನು ಜವಾಬ್ದಾರಿ ಹೊರಲು ಸಿದ್ಧ, ಎಲ್ಲಿದ್ದಾಳೆ ತಿಳಿಸಿ ಎಂದು ಎಷ್ಟು ವಿನಯದಿಂದ ಬರೆದಿದ್ದಾರೆ ಗೊತ್ತೇ? ಮ್ಯಾನೇಜರ್ ಗಟ್ಟಿಯಾಗಿ ಓದಿದರು, ನಮ್ಮ ಲೆಕ್ಕದವರು ಕಣ್ಣೊರೆಸಿಕೊಂಡರು. ನಾಳೆ ನಾಡಿದ್ದರಲ್ಲಿ ಉತ್ತರ ಬರೆಯುತ್ತಾರೆ.

ನೋಡು, ಒಂದು ಲೇಖನ ಎಂಥ ಕೆಲಸ ಮಾಡುತ್ತದೆ!

ನಿನ್ನ ಮಗಳು


ಏಪ್ರಿಲ್ 14

ಮಗಳೇ,

ನನ್ನ ಹಿಂದಿನ ಕಾಗದ ತಲುಪಿತೋ ಇಲ್ಲವೋ. ನಿನ್ನದು ಈಗ ಬಂತು. ಆ ವಿನಯವಂತ ಯಾರೆಂದು ನಿನಗೆ ಇಷ್ಟರಲ್ಲಿ ತಿಳಿದಿರಬೇಕು. ಉತ್ತರ ಹೋಗಬಾರದು, ಏನೇ ಆದರೂ ಹೋಗಬಾರದು.

ಅವತ್ತೇ ಅಂಗಡಿ ಮುಚ್ಚಿ, ಮೂರು ಬೀದಿ ಸುತ್ತುಬಳಸಿ, ಹಿಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಅವಳ ಬಾಗಿಲಿಗೆ ಹೋದೆ. ಸರಪಣಿ ಬಿಡಿಸದೆ ಅಂಗೈಯಷ್ಟು ತೆರೆದಳು. ಅವಳ ತುಟಿ ನೋಡಿಕೊಂಡೇ ಮಾತಾಡಬೇಕಾಯಿತು, ಹಾಗಾಗಿ ಮುಖ ತಪ್ಪಿಸುವ ಹಾಗೂ ಇರಲಿಲ್ಲ. ಹೇಳಿದೆ.

"ಯಾರಿಗೆ ಹೇಳಿದ್ರಿ?"

"ನನ್ನ ಮಗಳಿಗೆ ತಾಯಿ."

"ಮಗಳು ಯಾರಿಗೆ ಹೇಳಿದ್ಲು?"

"ಊರಿಗೆಲ್ಲ" ಅಂದೆ.

ಬೇರೆ ಮನೆ ನೋಡುತ್ತೇನೆ, ಸಾಮಾನು ನಾನೇ ಹೊರುತ್ತೇನೆ ಅಂದೆ. "ಎಷ್ಟು ಸಲ ಓಡ್ಲಿ? ಈ ಕೆಲಸ ಸಿಗೋಕೆ ಎಷ್ಟು ಬಾಗಿಲು ತಟ್ಟಿದೀನಿ ಗೊತ್ತಾ ನಿಮ್ಗೆ? ದೂರು ಕೊಟ್ರೆ ಗಂಡ ಹೆಂಡ್ತಿ ಜಗಳ ಅಂತ ಅವನ ಜೊತೆಗೇ ಕಳಿಸಿದ್ರು. ಆವತ್ತು ನನ್ನ ಕೈ ಮುರಿದಿದ್ದು" ಅಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. "ನಿಮ್ಮನ್ನ ನಂಬಿ ಬಾಗಿಲು ಕೊಟ್ಟೆ" ಎಂದು ಮುಚ್ಚಿಕೊಂಡಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಿನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟವನು ನಾನೇ. ಅಮ್ಮನಿಗೆ ಎಲ್ಲ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡೆ, ಬಯ್ಯಲಿಲ್ಲ. ಗೋಡೆಯ ಮೇಲಿದ್ದ ಹಾಳೆಗಳನ್ನು ತಾನೇ ಬಂದು ಕಿತ್ತಳು.

ಅಪ್ಪ


ಏಪ್ರಿಲ್ 18

ಅಪ್ಪಾ,

ನಿನ್ನ ಎರಡೂ ಕಾಗದ ಬಂದವು. ಮೊದಲನೆಯದನ್ನು ಆಫೀಸಿನ ಮೆಟ್ಟಿಲ ಮೇಲೆ ಓದಿದೆ. ಆ ಮನುಷ್ಯನ ಪತ್ರವನ್ನು ನಾನೇ 'ಒಳ್ಳೆಯ ಪತ್ರ' ಎಂದು ಹೊಗಳಿ ನಿನಗೆ ಬರೆದಿದ್ದೆ! ಈಗ ನೆನೆಸಿಕೊಂಡರೆ ಹೇಸಿಗೆಯಾಗುತ್ತದೆ.

ಒಳಗೆ ಹೋದರೆ ಮ್ಯಾನೇಜರ್ ಉತ್ತರ ಬರೆದು ಮುಗಿಸಿದ್ದರು. "ಕಳಿಸೋ ಮುಂಚೆ ಒಂದ್ಸಲ ಕಣ್ಣಾಡಿಸಿ" ಅಂದರು. ಲಾಂಡ್ರಿ, ಹಿಂದಿನ ಮೆಟ್ಟಿಲು, ಹಾಳೆಯಲ್ಲಿದ್ದ ಒಂದೂ ಬಿಡದೆ ಬರೆದಿದ್ದರು ಅಪ್ಪಾ. ಒಂದು ಗುಂಡಿ ಒತ್ತುವುದಷ್ಟೇ ಬಾಕಿ. ತಪ್ಪುಗಳಿವೆ, ತಿದ್ದುತ್ತೇನೆ ಎಂದು ತಡೆದೆ. ನಿಜ ಹೇಳಿಬಿಡೋಣ ಎಂದುಕೊಂಡು ಮೊದಲು ಹೀಗೆ ಕೇಳಿ ನೋಡಿದೆ: "ಸಾರ್, ನಿಜವಾದ ಲೋಟದಮ್ಮನಿಗೆ ಇದೆಲ್ಲ ಬೇಡವಾಗಿದ್ರೆ? ಅವಳನ್ನ ಹುಡುಕ್ತಾ ಇರೋನೇ ಈ ಪತ್ರ ಬರೆದಿದ್ರೆ?"

ಅವರ ಕಣ್ಣು ಹೊಳೆಯಿತು. "ಹಾಗಿದ್ರೆ ಇನ್ನೂ ಒಳ್ಳೇದು! ನಮ್ಮ ಬೀಗ ಅವಳನ್ನ ಕಾಪಾಡ್ತು ಅಂತ ಸಿನಿಮಾದಲ್ಲೇ ತೋರಿಸೋಣ. ಮುಖ ಮಸುಕು ಮಾಡೋಣ ಬಿಡಿ."

ಅವರು ಕೆಟ್ಟವರಲ್ಲ. ಅವರಿಗೆ ಅವಳು ಗೋಡೆಯ ಮೇಲಿನ ಹಾಳೆ, ಅಷ್ಟೇ. ಮೊನ್ನೆಯವರೆಗೆ ನನಗೂ ಅಷ್ಟೇ ಆಗಿದ್ದಳು. ನಿಜ ಹೇಳಿದರೆ ಅವಳ ಕಥೆ ಮುಗಿಯಿತು ಎಂದು ಆ ಕ್ಷಣಕ್ಕೆ ಗೊತ್ತಾಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಲೋಟದಮ್ಮ ಅಂತ ಯಾರೂ ಇಲ್ಲ ಸಾರ್. ನಾನೇ ಕಟ್ಟಿದ್ದು. ಗಿರಾಕಿ ಸಿಗದೆ ಸುಳ್ಳು ಬರೆದೆ."

ಕೋಣೆಯಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಲೆಕ್ಕದವರು, "ನಾನು ಅತ್ತಿದ್ದೆನಲ್ರೀ" ಅಂದರು. ಉತ್ತರ ನಿಂತಿದೆ, ಹಾಳೆ ನನ್ನ ಚೀಲದಲ್ಲಿ ಚೂರುಚೂರಾಗಿದೆ. ಕಂಪನಿ ಕ್ಷಮಾಪಣೆ ಪ್ರಕಟಿಸಬೇಕಂತೆ, ಅದನ್ನು ನಾನೇ ಬರೆಯಬೇಕಂತೆ, ಅದು ಮುಗಿದ ದಿನ ಹೊರಡಬೇಕಂತೆ.

ಹೊರಡುತ್ತೇನೆ. ಆದರೆ ಆ ಕ್ಷಮಾಪಣೆಯನ್ನು ಅವನು ನಂಬಬೇಕು. ಅವನು ನಂಬದಿದ್ದರೆ ಇಡೀ ಲೋಕ ನಂಬಿ ಏನು ಪ್ರಯೋಜನ? ಈ ಸಲ ನನ್ನ ಓದುಗ ಒಬ್ಬನೇ. ಅವನ ಬಗ್ಗೆ ಬರೆದು ಕಳಿಸು ಅಪ್ಪಾ. ಹೇಗೆ ನಿಲ್ಲುತ್ತಾನೆ, ಯಾವುದಕ್ಕೆ ನಕ್ಕ, ಯಾವುದಕ್ಕೆ ನಗಲಿಲ್ಲ. ಮುಖ್ಯವಾಗಿ, ಯಾವುದಕ್ಕೆ ಹೆದರುತ್ತಾನೆ?

ಮಗಳು


ಏಪ್ರಿಲ್ 23

ಮಗಳೇ,

ನಿನ್ನ ಕೆಲಸ ಹೋದದ್ದನ್ನು ಓದಿ ನಾನು ಹೊಟ್ಟೆಗೆ ಏನೂ ಹಾಕಲಿಲ್ಲ. ಅಮ್ಮ ಒಂದೇ ಮಾತು ಹೇಳಿದಳು: "ಹೋದ್ರೆ ಹೋಗ್ಲಿ, ಹೆಣ್ಣುಮಗಳು ಉಳಿದ್ಲಲ್ಲ." ಉಳಿದಳೋ ಇಲ್ಲವೋ ಇನ್ನೂ ಗೊತ್ತಿಲ್ಲ. ನಿನ್ನೆಯೂ ಅವನು ಬೀದಿಯ ಆ ಕಡೆಯ ಚಹಾದಂಗಡಿಯಲ್ಲಿ ಕೂತಿದ್ದ. ನಾನು ಸಾಮಾನಿನ ಚೀಲ ಹಿಡಿದು ಎಲ್ಲಿಗೆ ಹೊರಡುತ್ತೇನೆ ಎಂದು ನೋಡುವುದಕ್ಕೆ. ನಾನು ಎಲ್ಲಿಗೂ ಹೊರಡಲಿಲ್ಲ.

ನೀನು ಕೇಳಿದ್ದು. ಅಂಗಡಿಯಲ್ಲಿ ಎಲ್ಲಿಗೂ ಒರಗದೆ ನೆಟ್ಟಗೆ ನಿಲ್ಲುತ್ತಾನೆ, ಅಂಗಿ ಮುದುಡಬಾರದಲ್ಲ. ಚಿಲ್ಲರೆಯನ್ನು ಒರೆಸಿ ಕೊಡುತ್ತಾನೆ. ಮೇಷ್ಟ್ರ ಪೆದ್ದುತನಕ್ಕೆ ಜೋರಾಗಿ ನಕ್ಕ, ಬೇರೆಯವರು ಮೋಸ ಹೋದರೆ ಅವನಿಗೆ ಖುಷಿ. ಇನ್ನೊಂದು ಹೇಳುವುದಿದೆ, ಅದು ಮೊದಲ ಕಾಗದದಲ್ಲಿ ಬರೆಯಲು ತೋಚಿರಲಿಲ್ಲ. ಅವತ್ತು ಹೋಗುವಾಗ ತಳ್ಳಬೇಕಾದ ಬಾಗಿಲನ್ನು ಎಳೆದ. ತೆರೆಯಲಿಲ್ಲ, ಮತ್ತೆ ಎಳೆದ. ಜೆರಾಕ್ಸ್ ಅಂಗಡಿಯವಳು ಕಿಟಕಿಯಿಂದ ನೋಡಿ ಕಿಸಕ್ಕೆಂದಳು. ಅವನ ಮುಖ ಬೇರೆಯೇ ಆಯಿತು ಮಗಳೇ. ಹೊರಗೆ ಹೋದವನು ಅವಳ ಕಿಟಕಿಯ ಮುಂದೆ ಹೋಗಿ ನಿಂತ. ಏನೂ ಅನ್ನಲಿಲ್ಲ. ಅವಳ ನಗು ಪೂರ್ತಿ ಆರುವವರೆಗೆ ನಿಂತಿದ್ದು ಹೋದ.

ಅವನಿಗೆ ದೇವರ ಭಯವಿಲ್ಲ, ಕಾನೂನಿನ ಭಯವಿಲ್ಲ. ಯಾರಾದರೂ ನಕ್ಕಾರು ಎಂಬ ಭಯವಿದೆ.

ಒಂದೇ ತೊಡಕು, ಎಲ್ಲ ನಿಜ ಎಂದು ನಾನೇ ಅವನಿಗೆ ಹೇಳಿದ್ದೇನೆ. ನನ್ನನ್ನು ಬಡಾಯಿಕೋರ ಎಂದು ಬರಿ. ಸಂಕೋಚ ಬೇಡ, ಅದೇನು ಸುಳ್ಳೂ ಅಲ್ಲ.

ಅಪ್ಪ


ಮೇ 4

ಅಪ್ಪಾ,

ಕ್ಷಮಾಪಣೆ ಇವತ್ತು ಬ್ಲಾಗಿನಲ್ಲಿ ಬಂತು. ಲೋಟದಮ್ಮನ ಲೇಖನ ತೆಗೆದು ಅದೇ ಜಾಗದಲ್ಲಿ ಇದನ್ನು ಹಾಕಿದ್ದಾರೆ. ನಾನು ಮೇಜು ಖಾಲಿ ಮಾಡಿ ಕೋಣೆಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ಎಷ್ಟು ಸಲ ಬರೆದು ಹರಿದೆನೋ. ಪ್ರತಿ ಸಾಲಿಗೂ ಅವನನ್ನು ಎದುರಿಗೆ ನಿಲ್ಲಿಸಿಕೊಂಡೆ, ಆ ಅಂಗಿ, ಆ ಬೆರಳು. ಲೋಟದ ಉಪಾಯ ಒಬ್ಬಳದ್ದಲ್ಲ, ಎಷ್ಟೋ ಮನೆಗಳಲ್ಲಿ ಇರುವುದು ಎಂದು ಬರೆದು, ಓದುಗರ ಮಾತುಗಳನ್ನೇ ಸಾಕ್ಷಿಗೆ ಕೆಳಗಿಟ್ಟೆ. ಬೂಟು ಒಬ್ಬರ ಮನೆಯದು, ನೀಲಿ ಬಣ್ಣ ನನ್ನ ಹಾಸ್ಟೆಲಿನದು, ಎಲ್ಲ ಸೇರಿಸಿ ಹೊಲಿದ ಗೊಂಬೆ ಎಂದೆ. ಆಮೇಲೆ ನಿನ್ನ ಸರದಿ: 'ನನ್ನ ತಂದೆ ಬೀಗದ ಅಂಗಡಿಯವರು. ಮಗಳ ಮೇಲಿನ ಮೋಹಕ್ಕೆ, ಇದೆಲ್ಲ ತಾನೇ ಹೇಳಿದ್ದೆಂದು ಬಂದವರ ಮುಂದೆಲ್ಲ ಬಡಾಯಿ ಕೊಚ್ಚುತ್ತಾರೆ.' ಬರೆಯುವಾಗ ಅತ್ತೆ, ಆದರೂ ಬರೆದೆ.

ಕೊನೆಯ ಸಾಲುಗಳು ಅವನೊಬ್ಬನಿಗೆ: 'ನಂಬಿದ ಮುಗ್ಧರೆಲ್ಲ ಕ್ಷಮಿಸಬೇಕು. ಒಬ್ಬ ಮಹನೀಯರಂತೂ ಈ ಗೊಂಬೆಯ ಜವಾಬ್ದಾರಿ ಹೊರಲು ಮುಂದೆ ಬಂದು ಅವಳ ವಿಳಾಸವನ್ನೇ ಕೇಳಿ ಬರೆದರು. ಆಫೀಸಿನಲ್ಲಿ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವರ ಮರ್ಯಾದೆ ಕಾಯಲು ಹೆಸರು ಹೇಳುವುದಿಲ್ಲ.'

ಸುಮ್ಮನಿದ್ದರೆ ಆ ಪೆದ್ದ ಯಾರೆಂದು ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಮ್ಮೆ ಎಲ್ಲೇ ಲೋಟದಮ್ಮನ ಹೆಸರೆತ್ತಿದರೂ ಆ ಪೆದ್ದ ತಾನೇ ಎಂದು ಒಪ್ಪಿಕೊಂಡ ಹಾಗೆ. ನನ್ನ ಲೆಕ್ಕ ತಪ್ಪಿದ್ದರೆ? ಅವಮಾನದ ಸಿಟ್ಟಿಗೆ ಇನ್ನೂ ಹುಡುಕಲು ಹೊರಟರೆ? ಅಚ್ಚು ಕಳಿಸಿದ್ದೇನೆ. ಅವನ ಕಣ್ಣಿಗೆ ಬೀಳುವಂತೆ ಅದೇ ಗೋಡೆಗೆ ಅಂಟಿಸು. ನಿನಗೆ ಎಷ್ಟು ಕಷ್ಟವೆಂದು ಗೊತ್ತು.

ಬರುವ ದಾರಿಯಲ್ಲೇ ಬೇರೆ ಕೆಲಸಕ್ಕೆ ಕೇಳಲು ಹೋದೆ, ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ನನ್ನ ಹೆಸರು ಕೇಳಿದ ಕೂಡಲೇ, "ಓ, ಲೋಟದವರಾ?" ಅಂದರು.

ನಿನ್ನ ಮಗಳು


ಮೇ 20

ಮಗಳೇ,

ಅಂಟಿಸಿದೆ. ಅಕ್ಷರ ದೊಡ್ಡದು ಮಾಡಿಸಿಯೇ ಅಂಟಿಸಿದೆ. ಜೆರಾಕ್ಸ್ ಅಂಗಡಿಯವಳು ಹಾಳೆ ಕೊಡುವಾಗ ನನ್ನ ಮುಖ ನೋಡಲಿಲ್ಲ. "ಅಷ್ಟೊಂದು ಹೊಗಳ್ತಿದ್ರಲ್ಲ ಯಜಮಾನ್ರೇ" ಅಂದಳು. ನನ್ನ ಮಗಳು ಏನು ಮಾಡಿದ್ದಾಳೆ ಗೊತ್ತೇ ನಿನಗೆ ಎಂದು ಕೂಗಬೇಕೆನಿಸಿತು. ನಾಲಿಗೆ ಕಚ್ಚಿಕೊಂಡೆ. ಮೇಷ್ಟ್ರು ಓದಿ, ಹಾಗಾದರೆ ಆ ಮರೆಗುಳಿಯೂ ಸುಳ್ಳೇ ಎಂದು ಬೇಸರಪಟ್ಟರು. ಬೀದಿಯಲ್ಲಿ ನನಗೀಗ ಬಡಾಯಿ ಅಪ್ಪ ಎಂದು ಹೆಸರು.

ಹೋದ ವಾರ ಅವನು ಬಂದ. ಹಾಳೆಯ ಮುಂದೆ ನಿಂತ. ನಾನು ಅರ ಹಿಡಿದು ಸುಮ್ಮನೆ ಏನನ್ನೋ ಉಜ್ಜುತ್ತಿದ್ದೆ, ಕೈಯಲ್ಲಿ ಕೀಲಿ ಇತ್ತೋ ಬೆರಳಿತ್ತೋ ನೆನಪಿಲ್ಲ. ಕೊನೆಯ ಸಾಲಿಗೆ ಬಂದಾಗ ಅವನ ಕಿವಿ ಕೆಂಪಾದವು. ಒಮ್ಮೆ ಕಿಟಕಿಯ ಕಡೆ ನೋಡಿದ. ಆಮೇಲೆ ನನಗೂ ಅವಳಿಗೂ ಕೇಳುವ ಹಾಗೆ ಜೋರಾಗಿ ನಕ್ಕ. "ನಾನು ಅವತ್ತೇ ಅಂದ್ಕೊಂಡೆ, ಇದೆಲ್ಲ ಬೊಗಳೆ ಅಂತ. ನಂಬಿದೋರು ಇದಾರಲ್ಲ ಅದೇ ಆಶ್ಚರ್ಯ. ಮಗಳಿಗೆ ಸ್ವಲ್ಪ ಬುದ್ಧಿ ಹೇಳಿ" ಅಂದ. ಹೇಳುತ್ತೇನೆ ಸ್ವಾಮಿ ಅಂದೆ. ಬಾಗಿಲನ್ನು ಸರಿಯಾಗಿ ತಳ್ಳಿಕೊಂಡು ಹೋದ. ಚಹಾದಂಗಡಿಯಲ್ಲೂ ಆಮೇಲೆ ಕಾಣಲಿಲ್ಲ. ಊರು ಬಿಟ್ಟ ಎಂದು ಚಹಾದವನು ಹೇಳಿದ. ನಿನ್ನ ಲೆಕ್ಕ ಸರಿಯಾಯಿತು ಮಗಳೇ.

ಕೆಲವು ದಿನ ಕಾದು, ಇವತ್ತು ಅವಳಿಗೆ ತಿಳಿಸಲು ಹೋದೆ. ಕೋಣೆ ಬಿಟ್ಟಿಲ್ಲ, ಹೊರಗೆ ಬಟ್ಟೆ ಒಣಗುತ್ತಿತ್ತು. ತಟ್ಟಿದೆ. "ಅವನು ನಂಬಿದ ತಾಯಿ, ಹೊರಟು ಹೋದ" ಎಂದು ಬಾಗಿಲಿಗೇ ಹೇಳಿದೆ. ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಅವಳು ಏನಾದರೂ ಅಂದಿದ್ದರೂ ನನ್ನ ಕಿವಿಗೆ ಬೀಳುವ ಹಾಗಿರಲಿಲ್ಲ. ಬಯ್ದಳೋ, ಸರಿ ಅಂದಳೋ, ಇನ್ನು ನನಗೆ ತಿಳಿಯುವುದಿಲ್ಲ.

ತಿರುಗಿ ಹೊರಡುವಾಗ ನೋಡಿದೆ. ನಾನು ಹಾಕಿದ್ದ ಬೀಗ ಅಲ್ಲಿಲ್ಲ. ಅದರ ತೂತನ್ನು ತೇಪೆ ಹಾಕಿ ಮುಚ್ಚಿ, ಅದಕ್ಕಿಂತ ಮೇಲೆ ಹೊಸದೊಂದು ಕೂರಿಸಿದ್ದಾರೆ. ಬೇರೆಯವರನ್ನು ಕರೆದು ಹಾಕಿಸಿಕೊಂಡಿದ್ದಾಳೆ. ಎದೆಗೆ ಒದ್ದ ಹಾಗಾಯಿತು, ಸುಳ್ಳು ಹೇಳುವುದಿಲ್ಲ. ಬೆರಳಾಡಿಸಿ ನೋಡಿದೆ. ಅಚ್ಚುಕಟ್ಟಾದ ಕೆಲಸ, ಒಂದು ಸ್ಕ್ರೂ ಕೂಡ ಓರೆಯಾಗಿಲ್ಲ.

ಯಾರ ಕೈಕೆಲಸ ಎಂದು ನೋಡಿದ ಕೂಡಲೇ ಗೊತ್ತಾಯಿತು. ನಿನಗೂ ಬರೆಯುವುದಿಲ್ಲ.

ನಿನ್ನ ಅಪ್ಪ